ಹಲಗೆಯಲ್ಲಿ ಹಿಡಿಸದ ಮುಖ

ನನ್ನ ಸೋದರಮಾವ ಬೋರ್ಡ್ ಬರೆಯುವವನು. ನಮ್ಮ ಬೀದಿಯ ಬೇಕರಿ, ಬೀಗದಂಗಡಿ, ಹಲ್ಲಿನ ಡಾಕ್ಟರು, ಎಲ್ಲರ ಹೆಸರೂ ಅವನ ಕುಂಚದಲ್ಲೇ ಮೂಡಿದ್ದು. ಹಲಗೆಯಲ್ಲಿ ಜಾಗ ಸಾಲದೆಂದು ಪದ ಕತ್ತರಿಸಿ ಕತ್ತರಿಸಿ ಅವನ ಬಾಯಿಯೂ ಹಾಗೇ ಆಗಿಬಿಟ್ಟಿದೆ. ಊಟ ಹೇಗಿತ್ತು ಎಂದರೆ "ಆಯ್ತು" ಎನ್ನುತ್ತಾನೆ.

ಅಕ್ಷರ ಮುತ್ತು ಪೋಣಿಸಿದ ಹಾಗೆ; ಮುಖ ಮಾತ್ರ ಬರುವುದಿಲ್ಲ. ಕ್ಷೌರದಂಗಡಿಗೆ ಒಬ್ಬ ಚೆಲುವನನ್ನು ಬರೆಯಲು ಹೋಗಿ ಹಲ್ಲುನೋವಿನವನನ್ನು ಬರೆದಿಟ್ಟ. ಅಂಗಡಿಯವನು ಅದನ್ನು ಹಲ್ಲಿನ ಡಾಕ್ಟರಿಗೇ ಕೊಟ್ಟು ಕೈತೊಳೆದುಕೊಂಡ.

ಇಂಥವನು ತಲೆ ನರೆತ ಮೇಲೆ ಸಂಜೆಯ ಚಿತ್ರಕಲಾ ಶಾಲೆಯ ಅರ್ಜಿ ತಂದ. ಕಾರಣ ನಮಗೆ ಗೊತ್ತಿತ್ತು. ಅಜ್ಜಿ ತೀರಿಕೊಂಡಾಗ ನನ್ನ ಅಮ್ಮ ಇನ್ನೂ ತೊಟ್ಟಿಲ ಕೂಸು. ಫೋಟೊ ಒಂದೂ ಇಲ್ಲ. ಆ ಮುಖ ಉಳಿದಿರುವುದು ಮಾವನ ತಲೆಯೊಳಗೆ ಮಾತ್ರ. "ಅಮ್ಮ ಹೇಗಿದ್ಲು ಅಣ್ಣ?" ಎಂದು ಅಮ್ಮ ಈಗಲೂ ಕೇಳುತ್ತಾಳೆ. "ಚೆನ್ನಾಗಿದ್ಲು" ಎನ್ನುತ್ತಾನೆ. ಅಲ್ಲಿಗೆ ಬೋರ್ಡ್ ಮುಗಿಯಿತು.

ಯಾಕೆ ಕಲಿಯಬೇಕೆಂದು ಅರ್ಜಿಯ ಜೊತೆ ಒಂದು ಪುಟ ಬರೆದುಕೊಡಬೇಕಿತ್ತು. ಅದನ್ನು ಓದಿಯೇ ಆರಿಸುತ್ತಾರಂತೆ. ಮಾವ ದುಂಡಗೆ, ಅಕ್ಷರಕ್ಕೆ ನೆರಳು ಕೊಟ್ಟು ಬರೆದ: 'ಅಕ್ಷರ ಬರುತ್ತದೆ. ಮುಖ ಕಲಿಸಿ.'

"ಇಷ್ಟೇನಾ?" ಎಂದೆ.

"ದೂರದಿಂದ್ಲೂ ಓದ್ಬಹುದು."

ಸರಿ, ನಾನೇ ಕೂತೆ. ಕಲೆಯೇ ಉಸಿರು, ಬಣ್ಣವೇ ಬದುಕು ಎಂದು ಪುಟ ತುಂಬಿಸಿದೆ. ಮಾವ ಕನ್ನಡಕ ಏರಿಸಿ ಪೂರ್ತಿ ಓದಿದ.

"ಒಳ್ಳೆ ಮನುಷ್ಯ. ಯಾರಿವ್ನು?"

ಅಡುಗೆಮನೆಯಿಂದ ಅಮ್ಮನ ನಗು. "ಮೂಗಿನಷ್ಟೇ ಉದ್ದ ಇವಳ ಮಾತೂನು. ಆ ಮೂಗು ಎಲ್ಲಿಂದ ತಂದ್ಲೋ, ನಮ್ಮಲ್ಲಂತೂ ಯಾರಿಗೂ ಇಲ್ಲ!"

ನನಗೆ ರೇಗಿತು. ಹಾಳೆ ಹರಿದು ಹೊಸದು ತೆಗೆದೆ. "ಇದು ಹಲಗೆ ಅಲ್ಲ ಮಾವ, ಜಾಗ ಉಳಿಸ್ಬೇಡ. ಬಾಯ್ಬಿಡು."

ಮಾವ ಕುಂಚ ಒರೆಸಿ ಪಕ್ಕಕ್ಕಿಟ್ಟ. ಆಮೇಲೆ ಹೇಳಿದ. ಯಾವ ಬೋರ್ಡ್ ಬಂದರೂ ಮೊದಲು ಬರಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತನ್ನಮ್ಮನ ಮುಖ ಬರೆದು ನೋಡುತ್ತಾನಂತೆ. ಬರುವುದಿಲ್ಲ. ಒರೆಸಿ, ಮೇಲೆ ಬಣ್ಣ ಹೊಡೆದು, ಅಂಗಡಿಯ ಹೆಸರು ಬರೆಯುತ್ತಾನೆ. "ಬೀದೀಲಿರೋ ಅಷ್ಟೂ ಬೋರ್ಡಿನ ಕೆಳಗೆ ಅವ್ಳಿದಾಳೆ. ಒಂದ್ರಲ್ಲೂ ಸರಿಯಾಗಿಲ್ಲ. ನಾನು ಹೋದ್ರೆ ಆ ಮುಖಾನೂ ಹೋಗುತ್ತೆ. ತಂಗಿ ಒಂದ್ಸಲ ನೋಡ್ಲಿ ಅಂತ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅವನು ಹೇಳಿದ್ದಕ್ಕೆ ಒಂದು ಪದವನ್ನೂ ಸೇರಿಸದೆ ಬರೆದುಕೊಟ್ಟೆ.

ಸೀಟು ಸಿಕ್ಕಿತು. ಹುಡುಗ ಹುಡುಗಿಯರ ನಡುವೆ ಕೂತು ಕಣ್ಣು, ಕಿವಿ, ಗಲ್ಲ ಎಂದು ಮಾವ ಮುಖವನ್ನು ಬಿಡಿಬಿಡಿಯಾಗಿ ಕಲಿತ. ಚಳಿಗಾಲದ ಒಂದು ಭಾನುವಾರ ಸುರುಳಿ ಸುತ್ತಿದ ಹಾಳೆಯೊಂದನ್ನು ತಂದು ಅಮ್ಮನ ಮುಂದೆ ಬಿಡಿಸಿದ.

ಅಮ್ಮ ನೋಡಿದಳು. ನನ್ನ ಕಡೆ ತಿರುಗಿದಳು. ಮತ್ತೆ ಹಾಳೆ ನೋಡಿದಳು.

"ಅಣ್ಣ, ಈ ಮೂಗು..."

ಮಾವ ನನ್ನನ್ನು ನೋಡಿ ಹಣೆ ಚಚ್ಚಿಕೊಂಡ. "ಅಯ್ಯೋ, ಇಷ್ಟು ವರ್ಷ ಎದುರಿಗೇ ಓಡಾಡ್ಕೊಂಡಿತ್ತಲ್ಲೇ!"

ಅಮ್ಮ ನಕ್ಕಳು. ನಗುತ್ತಲೇ ನನ್ನನ್ನು ಹತ್ತಿರ ಎಳೆದುಕೊಂಡು, ಮೂಗಿನ ಮೇಲೆ ಬೆರಳಿಟ್ಟು, "ಅಮ್ಮಾ" ಎಂದಳು.