ಉಪವಾಸ ಮುರಿದ ಆನೆ

ವಡೋದರದ ಆ ಮಕ್ಕಳ ವಾರ್ಡಿನಲ್ಲಿ ಎಲ್ಲರೂ ಆಟದ ಟೀಚರ್ ಎಂದು ಕರೆಯುತ್ತಿದ್ದ ಹೆಂಗಸು ಗೊಂಬೆಗಳಿಗೂ ಕೇಸ್ ಪೇಪರ್ ಬರೆಯುತ್ತಿದ್ದರು. ನನ್ನ ಮಗಳ ಬಟ್ಟೆ ಆನೆಯ ಬಿ.ಪಿ. ನೋಡದೆ ಮಗಳ ಕೈ ಮುಟ್ಟಲು ನರ್ಸಿಗೂ ಬಿಡುತ್ತಿರಲಿಲ್ಲ. "ಹಾಥಿಭಾಯ್‌ನ ಕೇಳಿದ್ರಾ?" ಎಂದು ಆನೆಯಣ್ಣನ ಪರವಾಗಿ ಹಿಂದಿಯಲ್ಲಿ ಗದರುತ್ತಿದ್ದರು. ಡಾಕ್ಟರರಿಗೂ ಅದೇ ಪ್ರಶ್ನೆ.

ಆಪರೇಷನ್ ದಿನ ಮಗಳ ಜೊತೆ ಆನೆಗೂ ಉಪವಾಸ ಬರೆದಿದ್ದರು. ನಾನೋ ಅದೇ ಊರಿನ ಗೋರ್ವಾ ಬಡಾವಣೆಯಲ್ಲಿ ಉಡುಪಿ ಹೋಟೆಲ್ ನಡೆಸುವವನು, ಖಾಲಿ ಹೊಟ್ಟೆ ಕಂಡರೆ ಸುಮ್ಮನಿರಲಾರೆ. ಮಗಳಿಗಂತೂ ಕೊಡುವಂತಿಲ್ಲ ಎಂದು, ಚಟ್ನಿಯಲ್ಲಿ ಅದ್ದಿದ ಇಡ್ಲಿ ಚೂರನ್ನು ಆನೆಯ ಬಾಯಿಗೆ ಹಿಡಿದೆ. ಸೊಂಡಿಲ ಮೇಲಿನ ಕಲೆ ಕಂಡು ಟೀಚರ್ ಗಂಭೀರರಾದರು.

"ಪಪ್ಪಾನೇ ತಿನ್ಸಿದ್ದು," ಎಂದು ಮಗಳು ಚಾಡಿ ಹೇಳಿದಳು.

"ಹಾಗಾದ್ರೆ ಇವನಿಗೆ ಇವತ್ತು ಆಪರೇಷನ್ ಇಲ್ಲ. ಹೊರಗೆ ಒಬ್ಬನೇ ಕೂತ್ರೆ ಹೆದರ್ತಾನೆ. ಯಾರು ಹಿಡ್ಕೋತೀರಿ?" ಎಂದರು ಟೀಚರ್.

ಮಗಳು ನನ್ನತ್ತ ಬೆರಳು ತೋರಿಸಿ, ಆನೆಗೆ ಟಾಟಾ ಮಾಡಿ, ನಗುತ್ತಲೇ ಸ್ಟ್ರೆಚರ್ ಮೇಲೆ ಹೋದಳು.

ಬಾಗಿಲು ಮುಚ್ಚಿತು. ನಾನು ಸೊಂಡಿಲನ್ನು ಬಿಗಿಯಾಗಿ ಹಿಡಿದು ಕೂತೆ. ಟೀಚರ್ ಪಕ್ಕದಲ್ಲಿ ಬಂದು ಕುಳಿತರು. ನನ್ನ ಮುಖ ನೋಡಲಿಲ್ಲ. ಕೇಸ್ ಪೇಪರ್ ತೆರೆದು ಆನೆಯನ್ನೇ ಕೇಳಿದರು: "ಹಾಥಿಭಾಯ್, ತುಂಬಾ ಹೆದರಿಕೆ ಆಗ್ತಿದೆಯಾ?"

"ತುಂಬಾ," ಎಂದೆ.

ಅವರು ಅದನ್ನು ಆನೆಯ ಹೆಸರಿನಲ್ಲೇ ಬರೆದುಕೊಂಡರು.