ಮೊದಲು ನುಂಗು, ಮತ್ತೆ ಮಾತಾಡು

ನಮ್ಮ ನೆರೆಮನೆಯಲ್ಲಿ ಗೃಹಿಣಿಯೊಬ್ಬರಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎದುರಿಗಿದ್ದವರ ಮೊಣಕೈಯನ್ನು ಮೆಲ್ಲನೆ ತಟ್ಟಿ, "ಮೊದಲು ನುಂಗು, ಮತ್ತೆ ಮಾತಾಡು" ಎನ್ನುವುದು ಅವರ ರೂಢಿ. ಬಾಯಲ್ಲಿ ತುತ್ತು ಇದೆಯೋ ಇಲ್ಲವೋ ಎಂಬುದನ್ನು ಅವರು ವಿಚಾರಿಸುತ್ತಿರಲಿಲ್ಲ. ವಯೋವೃದ್ಧನಾದ ನನಗೂ ಬಹುವಚನದಲ್ಲಿ ಅದೇ ಉಪದೇಶ ದೊರೆಯುತ್ತಿತ್ತು.

ನನ್ನ ಮೊಮ್ಮಗಳಿಗೆ ಅಧೈರ್ಯವಾದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೊರಡುತ್ತಿತ್ತು. ಹಾಗೆಯೇ ಒಂದು ಸಂದರ್ಶನದಲ್ಲಿ ಸೀಟು ಕೈತಪ್ಪಿತ್ತು. ಅಧ್ಯಾಪಕ ತರಬೇತಿಗೆ ಆ ವರ್ಷ ಉಳಿದದ್ದು ಇನ್ನೊಂದೇ ಕಾಲೇಜು. ಅಲ್ಲಿಯ ಸಂದರ್ಶನಕ್ಕೆ ನೆರೆಮನೆಯಾಕೆಯೂ ನಮ್ಮೊಡನೆ ಹೊರಟರು, ಮಧೂರಿನ ಗಣಪತಿಯ ಪ್ರಸಾದವಾದ ಅಪ್ಪ ಎಂಬ ಬೆಲ್ಲದ ಕಜ್ಜಾಯದ ಡಬ್ಬಿಯೊಂದಿಗೆ.

ವರಾಂಡದಲ್ಲಿ ಮುಖ ಬಾಡಿಸಿಕೊಂಡು ಕಾದಿದ್ದ ಮಕ್ಕಳಿಗೆಲ್ಲ ಅದನ್ನು ಹಂಚತೊಡಗಿದರು.

"ಅಕ್ಕಾ, ಅವರೆಲ್ಲ ನನ್ನ ಸೀಟಿಗೇ ಬಂದವರು!" ಎಂದಳು ಮೊಮ್ಮಗಳು.

"ಬರಲಿ ಮಾರಾಯ್ತಿ. ಗಣಪತಿಗೆ ಎಂತ, ನೀನೊಬ್ಬಳೇ ಇರುವುದಾ?"

ಅಷ್ಟರಲ್ಲಿ ಒಳಗಿನಿಂದ ಅವಳಿಗೆ ಕರೆ ಬಂತು. ಈಕೆ ಉಳಿದಿದ್ದ ಅಪ್ಪವನ್ನು ಇಡಿಯಾಗಿ ಅವಳ ಬಾಯಿಗೆ ತುರುಕಿ, ಬಾಗಿಲೊಳಗೆ ದೂಡಿಯೇಬಿಟ್ಟರು. ನಾನು ಕಣ್ಣು ಮುಚ್ಚಿ ವಿಘ್ನೇಶ್ವರನನ್ನು ನೆನೆದೆ.

ಹೊರಬಂದವಳು ನಗುತ್ತಿದ್ದಳು. "ಅಜ್ಜಾ, ಬಾಯಿ ತುಂಬ ಅಪ್ಪ ಇತ್ತಲ್ಲ, ಅದನ್ನು ನುಂಗುವಷ್ಟರಲ್ಲಿ ಅವರ ಪ್ರಶ್ನೆ ಪೂರ್ತಿ ಕೇಳಿಸಿತು! ಮತ್ತೆ ನಿಧಾನಕ್ಕೇ ಹೇಳಿದೆ."

"ಹಾಗಾದರೆ ಸೀಟು ಸಿಕ್ಕೀತಾ? ಅವರು ಎಂತ ಹೇಳಿದರು? ಯಾವಾಗ ತಿಳಿಸುತ್ತಾರಂತೆ?" ಎಂದು ನಾನು ಒಂದೇ ಉಸಿರಿಗೆ ಕೇಳಿದೆ.

ನೆರೆಮನೆಯಾಕೆ ನನ್ನ ಮೊಣಕೈಯನ್ನು ಮೆಲ್ಲನೆ ತಟ್ಟಿದರು.

"ಮೊದಲು ನುಂಗಿ, ಮಾವ."