ಕುಡಿಯದ ಚಾಮಯ್ಯನ ನಡಿಗೆ

ಒಂಟಿಕೊಪ್ಪಲಿನ ಚಾಮಯ್ಯ ಹುಟ್ಟಿದಾರಭ್ಯ ಹೆಂಡ ಮುಟ್ಟಿದವನಲ್ಲ. ಹೆಂಡತಿ ಭಾಗ್ಯಮ್ಮನ ಅಪ್ಪ ಕುಡಿದು ಕುಡಿದೇ ಸತ್ತಿದ್ದರಿಂದ, ಕುಡಿಯದ ಗಂಡು ಎಂಬ ಒಂದೇ ಕಾರಣಕ್ಕೆ ಅವಳು ಇವನಿಗೆ ಕೊರಳೊಡ್ಡಿದ್ದಳು. ಆದರೆ ಗಣೇಶನ ಹಬ್ಬದ ನಾಟಕಕ್ಕೆ ಕುಡುಕನ ಪಾತ್ರ ಬೇಕೆಂದರೆ ಇಡೀ ಬಡಾವಣೆಗೆ ಅವನೇ ಗತಿ. ಅವನು ತೂರಾಡುತ್ತ ಬಂದರೆ ಮುಂದಿನ ಸಾಲಿನವರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಹೊಟ್ಟೆಪಾಡಿಗೆ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಬಸ್ಸು ಓಡಿಸುತ್ತಿದ್ದ.

ಅದೇ ಕಾಲೇಜಿನ ಪ್ರೊಫೆಸರ್ ಮಹದೇವಪ್ರಸಾದರಿಗೆ ಎರಡು ಸಾವಿರದ ಏಳರಲ್ಲಿ ಜ್ಞಾನೋದಯವಾಯಿತು. ಕುಡಿದವರ ನಡಿಗೆಯನ್ನೂ ಕುಡಿಯದವರ ನಡಿಗೆಯನ್ನೂ ಕ್ಯಾಮೆರಾದಲ್ಲಿ ಹಿಡಿದು ತೋರಿಸುತ್ತ ಹೋದರೆ ಕಂಪ್ಯೂಟರ್ ತಾನಾಗಿಯೇ ಕಲಿತು, ಮುಂದೆ ಯಾರು ಬಂದರೂ ಕುಡಿದಿದ್ದಾನೋ ಇಲ್ಲವೋ ಹೇಳಿಬಿಡುತ್ತದಂತೆ. ಸರಿ, ಕುಡುಕರು ಬೇಕಲ್ಲ? ಪ್ರೊಫೆಸರರು ಹಣೆ ತುಂಬ ವಿಭೂತಿಯವರು, ಮಠದ ಭಕ್ತರು. ಕುಡಿದವರನ್ನು ತಮ್ಮ ಪ್ರಯೋಗಶಾಲೆಯ ಹೊಸ್ತಿಲು ದಾಟಿಸುವುದುಂಟೆ? ಚಾಮಯ್ಯನನ್ನು ಕರೆಸಿ, ಬಗೆಬಗೆಯ ಅಂಗಿ ತೊಡಿಸಿ, ವಾರವಿಡೀ ಕುಡುಕನಂತೆ ನಡೆಸಿದರು. ಕುಡಿಯದವರ ಪರವಾಗಿ, ಕೈ ಹಿಂದೆ ಕಟ್ಟಿ, ಹೊಟ್ಟೆ ಮುಂದೆ ಬಿಟ್ಟು, ತಾವೇ ನಡೆದರು. ಇಂಥ ವಿದ್ವತ್ತಿಗೆ ಕಾಲೇಜಿನವರು ಪೇಟ ತೊಡಿಸಿ ಸನ್ಮಾನ ಬೇರೆ ಮಾಡಿದರು.

ಯಂತ್ರವನ್ನು ಬಸ್ ಶೆಡ್ಡಿನ ಬಾಗಿಲಿಗೇ ತಂದು ಕೂರಿಸಲಾಯಿತು. ಬೆಳಿಗ್ಗೆ ಡ್ರೈವರುಗಳೆಲ್ಲ ಅದರ ಮುಂದೆ ನಡೆದು ಹೋಗಬೇಕು; ಕುಡಿಯದವನಿಗೆ ಹಸಿರು ದೀಪ, ಕುಡಿದವನಿಗೆ ಕೆಂಪು. ಹಿಂದಿನ ದಿನದ ಅಮಲು ಇನ್ನೂ ಇಳಿಯದಿದ್ದ ಡ್ರೈವರ್ ಮಂಟೇಸ್ವಾಮಿ, ಪಳಗಿದ ಕುಡುಕನ ಎಚ್ಚರದಿಂದ ಹೆಜ್ಜೆಯಿಟ್ಟು ಹಸಿರಿನಲ್ಲಿ ದಾಟಿದ. ಸ್ನಾನ ಮಾಡಿ ಕುಂಕುಮವಿಟ್ಟು ಬಂದ ಚಾಮಯ್ಯನಿಗೆ ಕೆಂಪು. ಮರುದಿನವೂ ಕೆಂಪು. ಪಾಪ, ಯಂತ್ರದ್ದೇನು ತಪ್ಪು? ಅದು ಕುಡಿತವನ್ನು ಎಲ್ಲಿ ಕಂಡಿತ್ತು? ಕಂಡಿದ್ದು ಚಾಮಯ್ಯನ ಓರೆ ಭುಜ, ಚಾಮಯ್ಯನ ಉದ್ದ ಕಾಲು. ಕುಡಿತವೆಂದರೆ ಅದೇ ಎಂದು ಬಾಯಿಪಾಠ ಮಾಡಿಕೊಂಡಿತ್ತು.

"ನನ್ ಬಾಯಿ ಮೂಸ್ ನೋಡಿ ಸಾರ್," ಎಂದು ಚಾಮಯ್ಯ ಅಂಗಲಾಚಿದ.

"ಮೂಸೋದಾದ್ರೆ ಯಂತ್ರ ಯಾಕ್ರೀ ಮಾಡ್ತಿದ್ದೆ?" ಎಂದರು ಪ್ರೊಫೆಸರ್. ಇನ್ನೊಮ್ಮೆ ಕೆಂಪು ಬಂದರೆ ಕೆಲಸ ಹೋದಂತೆಯೇ ಎಂದೂ ಸೇರಿಸಿದರು.

ಪ್ರೊಫೆಸರರು ದಿನವೂ ಯಂತ್ರದ ಮುಂದೆ ಠೀವಿಯಿಂದ ನಡೆದು ಹಸಿರು ಪಡೆಯುವುದನ್ನು ಚಾಮಯ್ಯ ನೋಡಿದ್ದ. ನಟನಲ್ಲವೆ? ಮರುದಿನ ಕೈ ಹಿಂದೆ ಕಟ್ಟಿ, ಇಲ್ಲದ ಹೊಟ್ಟೆಯನ್ನು ಮುಂದೆ ಬಿಟ್ಟು, ಥೇಟ್ ಅವರಂತೆಯೇ ನಡೆದ. ಹಸಿರು ಬಂತು, ಕೆಲಸ ಉಳಿಯಿತು. ಡ್ರೈವರ್ ಕುಡಿತ ಬಿಟ್ಟನೆಂದು ಪ್ರೊಫೆಸರರು ಹಿಗ್ಗಿ, ಅದನ್ನೂ ಯಂತ್ರದ ಸಾಧನೆಗೆ ಸೇರಿಸಿಕೊಂಡರು. ನಾಚಿಕೆಗೇಡು! ಎಲ್ಲಿ ತಪ್ಪುತ್ತದೋ ಎಂಬ ಭಯಕ್ಕೆ ಚಾಮಯ್ಯ ಬೀದಿಯಲ್ಲೂ ಅದೇ ನಡಿಗೆಯನ್ನು ರೂಢಿ ಮಾಡಿಕೊಂಡ.

ಒಂದು ಸಂಜೆ ಹಾಗೆಯೇ ನಡೆದು ಮನೆಗೆ ಬಂದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾಗ್ಯಮ್ಮನಿಗೆ, ಕುಡಿದ ದಿನ ಅಪ್ಪ ಹೀಗೇ ಹೆಜ್ಜೆ ಅಳೆದಳೆದು ಬರುತ್ತಿದ್ದುದು ನೆನಪಾಗಿ ಮುಖ ಬಿಳಿಚಿಕೊಂಡಿತು.

"ನಿಜ ಹೇಳ್ಬುಡಿ," ಎಂದಳು. "ಕುಡ್ಕೊಂಡ್ ಬಂದಿದೀರಾ?"